ನಾಲ್ಕು ಕಿವಿಗಳು

ಹಡಗಲಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಗೆಳೆಯರು ಪರದೇಶದ ಹಳೆಯ ಸಿನಿಮಾ ತೋರಿಸಿದರು. ಯುದ್ಧ ಮುಗಿದ ಊರು. ಸೈನ್ಯದಿಂದ ಮರಳಿದವನೊಬ್ಬ ಕಲ್ಲಿದ್ದಲ ಗೋದಾಮಿಗೆ ಕಾವಲುಗಾರ. ಊರಿಗೆ ಊರೇ ಕದ್ದು ಒಯ್ಯುತ್ತದೆ, ಇವನೊಬ್ಬ ಒಂದು ತುಂಡೂ ಮುಟ್ಟುವುದಿಲ್ಲ. ಕೊನೆಗೆ ಕೆಲಸವೂ ಹೋಗಿ, ಗಂಡ ಹೆಂಡತಿ ಆರಿದ ಒಲೆಯ ಮುಂದೆ ಕೂತು ಚಳಿಗೆ ಕೈಗೆ ಉಸಿರು ಊದಿಕೊಳ್ಳುತ್ತ ನಗುತ್ತಾರೆ. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಹೆದರಿಕೆಯಾಯಿತು.

ಯಾಕೆಂದರೆ ನನ್ನ ಬ್ಯಾಗಿನಲ್ಲಿ ಸಹಿ ಮಾಡದ ಒಂದು ಕಾಗದವಿತ್ತು. ನಾನು ಹರಪನಹಳ್ಳಿ ಕಡೆಯ ಪಶು ಆಸ್ಪತ್ರೆಯೊಂದರಲ್ಲಿ ಪರೀಕ್ಷಕ. ಕುರಿ ಸತ್ತರೆ ಪರಿಹಾರ ಸಿಗಲು ನಾನು ನೋಡಿ ಬರೆದುಕೊಡಬೇಕು. ಹಿಂದಿನ ವಾರ ಚಿಗಟೇರಿ ಹತ್ತಿರ ಸಿಡಿಲು ಬಡಿದು ಅಕ್ಕನ ಮನೆಯ ಕುರಿಗಳು ಸತ್ತಿದ್ದವು. ನಾನು ಹೋಗುವಷ್ಟರಲ್ಲಿ ಹೂತಾಗಿತ್ತು. ಅಕ್ಕನ ಗಂಡ, ನನ್ನ ಮಾವ, ಸತ್ತ ಕುರಿಗೊಂದರಂತೆ ಸಾಕ್ಷಿಗೆಂದು ಕೊಯ್ದು ಉಪ್ಪು ಹಚ್ಚಿಟ್ಟ ಹನ್ನೆರಡು ಎಡಗಿವಿಗಳನ್ನು ನನ್ನ ಮುಂದೆ ಹರಡಿದ.

ಕುರಿ ಸಾಕುವವರಲ್ಲಿ ಮನೆಗೊಂದು ಕಿವಿಗುರುತು. ನಮ್ಮದು ಎಡಗಿವಿಯ ತುದಿಯಲ್ಲಿ ಎರಡು ಸೀಳು. ಅಕ್ಕನ ಮದುವೆಗೆ ಅಪ್ಪ ಕೊಟ್ಟ ಮರಿಗಳ ಸಂತತಿಗೂ ಅದೇ ಗುರುತು. ಮರಿಯಿದ್ದಾಗ ಕೊಯ್ದರೆ ಗಾಯ ಮಾಯ್ದು ಸೀಳಿನ ಅಂಚಿಗೆ ಕೂದಲು ಬರುತ್ತದೆ. ಅಪ್ಪ ಕಣ್ಣು ಮುಚ್ಚಿ ಬೆರಳಾಡಿಸಿ ತನ್ನ ಕುರಿ ಯಾವುದೆಂದು ಹೇಳುತ್ತಿದ್ದ. ನಾನೂ ಅಭ್ಯಾಸಬಲದಿಂದ ಬೆರಳಾಡಿಸಿದೆ. ಎಂಟಕ್ಕೆ ಕೂದಲಿತ್ತು. ನಾಲ್ಕರ ಅಂಚು ಬೋಳು. ಮಟನ್ ಅಂಗಡಿಯಿಂದ ತಂದ ಕಿವಿಗೆ ಮಾವ ಅಪ್ಪನ ಗುರುತು ಕೊಯ್ದಿದ್ದ. ಪ್ಯಾಂಟು ಹಾಕಿದವನು ಇದನ್ನೆಲ್ಲ ಮರೆತಿರುತ್ತಾನೆ ಎಂದುಕೊಂಡನೋ, ಗೊತ್ತಾದರೂ ಬಾಯಿ ಬಿಡಲಾರ ಎಂದುಕೊಂಡನೋ. ತಲೆ ಎತ್ತಿದಾಗ ಅವನು ನನ್ನ ಬೆರಳನ್ನೇ ನೋಡುತ್ತಿದ್ದ.

"ನಾವೇನ್ ಹೊರಗಿನೋರೇನಲೇ," ಅಂದ.

ಅಂದಿನಿಂದ ಕಾಗದ ಬ್ಯಾಗಿನಲ್ಲೇ ಇತ್ತು. ಹನ್ನೆರಡು ಎಂದು ಸಹಿ ಮಾಡಿದರೆ ನೌಕರಿ ಹೋಗುವ ಭಯ, ಮಾಡದಿದ್ದರೆ ಅಕ್ಕ ಕೈಬಿಟ್ಟಾಳೆಂಬ ಭಯ. ನನಗಿದ್ದ ತವರು ಅಂದರೂ ಅವಳೇ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ಕಳವು ಮಾಡುವ ಮೊದಲೇ ನನ್ನದು ಹಾಗಾಗಿತ್ತು. ಆ ಸಿನಿಮಾದ ಊರಿಗೆ ಯುದ್ಧದ ನೆಪವಾದರೂ ಇತ್ತು. ನಮ್ಮಲ್ಲಿ ಯಾವ ಯುದ್ಧ ನಡೆದಿತ್ತು?

ಸೋಮವಾರ ಎಂಟು ಎಂದು ಬರೆದು ಸಹಿ ಹಾಕಿದೆ. ಧೈರ್ಯದಿಂದ ಮಾಡಿದೆ ಅಂದರೆ ಅದೂ ಸುಳ್ಳೇ. ಸತ್ತ ಅಪ್ಪನ ಬೆರಳಿಗೆ ಹೆದರಿ ಮಾಡಿದೆ. ಮಾವ ಕಾಗದ ಓದಿ, ಮಡಚಿ ಜೇಬಿಗಿಟ್ಟು ಬೈಕ್ ಹತ್ತಿ ಹೋದ.

ಸಂಜೆ ಅಕ್ಕನ ಫೋನು ಬಂತು. ಬೈಗುಳಕ್ಕೆ ಸಿದ್ಧನಾಗಿದ್ದೆ.

"ಅಪ್ಪ ಇದ್ದಿದ್ರ ಅವನೂ ಹಂಗ ಮಾಡ್ತಿದ್ದ," ಅಂದಳು. "ನೀ ಮಾಡಿದ್ದು ಖರೆ ಐತಿ. ಆದ್ರ ಇನ್ನ ನಮ್ಮನಿಗೆ ಬರಬ್ಯಾಡಪ್ಪ."

ಹೂಂ ಅಂದೆ. ಆಮೇಲೆ ಎರಡು ಹಬ್ಬ ಕಳೆದವು, ಅವಳ ಫೋನು ಬಂದಿಲ್ಲ. ಇನ್ನು ಬರುವುದೇ ಇಲ್ಲವೇನೋ, ಈಗ ನನಗಿರುವ ಹೆದರಿಕೆ ಅದೊಂದೇ.