ಹಸಿರು ಆಸ್ಟ್ರಾದಲ್ಲಿ ಠಾಣೆಯಿಂದ ಕಾಮೋಠೆಗೆ

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಠಾಣೆ ಶಹರದ ವರ್ತಕ ನಗರದ ನಮ್ಮ ಮನೆಯಿಂದ ಹೊರಟೆವು. ಕಾಮೋಠೆಗೆ ನೇರ ದಾರಿ ಹಿಡಿದರೆ ಒಂದೂಕಾಲು ಗಂಟೆಯ ಪ್ರಯಾಣ. ನಾವು ಹಿಡಿದದ್ದು ಸುತ್ತಿನ ದಾರಿ. ಕಶೇಳಿ ಸೇತುವೆ ದಾಟಿ ಕಲ್ಯಾಣ, ಅಲ್ಲಿಂದ ಡೊಂಬಿವಲಿ, ಆಮೇಲೆ ಶಿಳ್‌ಫಾಟಾ, ತಳೋಜಾ ಆಗಿ ಕಾಮೋಠೆ. ಹೀಗೇ ಹೋಗಬೇಕೆಂದು ಹಟ ಹಿಡಿದವರು ನನ್ನ ಗಂಡ ಮಾಧವ. ಕಾರು, ಹಸಿರು ಆಸ್ಟ್ರಾ, ಅವರದು. ಓಡಿಸಿದವಳು ನಾನು.

ಇಪ್ಪತ್ತು ವರ್ಷ ಆ ಕಾರಿನ ಎಡಗಡೆಯ ಸೀಟಿನಲ್ಲೇ ಕೂತವಳು ನಾನು. ಐವತ್ತೆರಡನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತೆ, ಮಗಳ ಸಣ್ಣ ಕಾರನ್ನು ಪುಣೆಯವರೆಗೂ ಓಡಿಸಿದೆ. ಆದರೂ ಆಸ್ಟ್ರಾದ ಕೀಲಿ ನನ್ನ ಕೈಗೆ ಬಂದಿರಲಿಲ್ಲ. "ಅದು ಹಳೇ ಗಾಡಿ, ಅದರ ಸ್ವಭಾವ ನಿನಗೆ ಗೊತ್ತಿಲ್ಲ" ಎನ್ನುತ್ತಿದ್ದರು. ಎರಡು ವರ್ಷದ ಹಿಂದೆ ಗ್ಲಾಕೋಮಾ ಅವರ ಕಣ್ಣುಗಳನ್ನು ಹೆಚ್ಚುಕಡಿಮೆ ಪೂರ್ತಿ ಕಸಿದುಕೊಂಡಿತು. ಈಗ ಬೆಳಕು, ನೆರಳು ತಿಳಿಯುತ್ತದೆ, ಅಷ್ಟೆ. ಆರ್‌ಟಿಓ ಪಾಸಿಂಗ್, ಅಂದರೆ ಗಾಡಿ ರಸ್ತೆಗಿಳಿಸುವ ಪರವಾನಗಿ, ಮುಗಿಯಲು ಇನ್ನೊಂದು ತಿಂಗಳಿತ್ತು. ಆಗ ಕಾಮೋಠೆಯ ಪ್ರಸನ್ನ ಎಂಬವರ ಫೋನು ಬಂತು. ಮೈಸೂರಿನವರು, ಐಟಿ ಕೆಲಸ, ಅದೇ ಕಂಪನಿಯ ಹಳೆಯ ಕಾರುಗಳ ಮೇಲೆ ಆಸೆ. "ನಿಮ್ಮ ಗಾಡಿ ನನಗೆ ಕೊಡಿ ಸಾರ್" ಎಂದು ಕೇಳಿದರು. ಮಾಧವ ಒಂದು ವಾರ ಯೋಚಿಸಿ ಒಪ್ಪಿದರು. ಕೊಡುವ ಮೊದಲು ತಾವು ದುಡಿದ ಊರುಗಳನ್ನೆಲ್ಲ ಆ ಗಾಡಿಯಲ್ಲೇ ಒಂದು ಸಲ ಹಾದು ಹೋಗಬೇಕು ಎಂದರು.

ಕಂಪನಿಯ ಹೆಸರು ಇಲ್ಲಿ ಬೇಡ. ವೃತ್ತದೊಳಗೆ ಮಿಂಚಿನ ಗುರುತಿನದು ಎಂದರೆ ಹಳಬರಿಗೆ ತಿಳಿಯುತ್ತದೆ. ತೊಂಬತ್ತರ ದಶಕದಲ್ಲಿ ಆ ಜರ್ಮನ್ ಕಂಪನಿ ನಮ್ಮ ದೇಶಕ್ಕೆ ಬಂದು ಮೊದಲು ಆಸ್ಟ್ರಾ, ಆಮೇಲೆ ಕೋರ್ಸಾ ಮಾರಿತು. ಠಾಣೆಯಲ್ಲಿ ಅದರ ವರ್ಕ್‌ಶಾಪು ತೆರೆದಾಗ ಇವರು ಮೆಕ್ಯಾನಿಕ್ ಆಗಿ ಸೇರಿದರು. ಟ್ರೇನಿಂಗಿನಲ್ಲಿ ಕಂಪನಿಯ ಚರಿತ್ರೆಯನ್ನೂ ಹೇಳಿಕೊಟ್ಟಿದ್ದರಂತೆ. ಮದುವೆಯ ಮಾತುಕತೆಯ ಹೊತ್ತಿನಿಂದ ನಾನು ಆ ಚರಿತ್ರೆ ಕೇಳುತ್ತ ಬಂದಿದ್ದೇನೆ.

ಕಶೇಳಿ ಸೇತುವೆ ದಾಟುವಾಗ ಖಾಡಿಯ ಹಿನ್ನೀರಿನ ಮೇಲೆ ಇನ್ನೂ ಮಂಜಿತ್ತು. ನಡುರಸ್ತೆಯಲ್ಲಿ ಮೆಟ್ರೋ ಕಂಬಗಳು, ಎರಡೂ ಕಡೆ ಗೋದಾಮುಗಳಿಗೆ ಹೋಗುವ ಟ್ರಕ್ಕುಗಳು. ಇವರು ಕಿಟಕಿಯ ಗಾಜು ಇಳಿಸಿ ಎಂಜಿನ್ನಿನ ಸದ್ದಿಗೆ ಕಿವಿಯಿಟ್ಟು ಕೂತಿದ್ದರು. "ಕ್ಲಚ್ಚಿನ ಮೇಲೆ ಕಾಲು ಇಡಬೇಡ. ಟ್ರಕ್ಕಿನ ಹಿಂದೆ ಅಷ್ಟು ಹತ್ತಿರ ಬೇಡ ಮಾರಾಯ್ತಿ."

"ಟ್ರಕ್ಕು ಹತ್ತಿರ ಉಂಟು ಅಂತ ನಿಮಗೆ ಹೇಗೆ ಗೊತ್ತು?" ಎಂದೆ.

"ಡೀಸೆಲ್ ಹೊಗೆ ಮೂಗಿಗೇ ಬರ್ತದೆ."

ಅವರ ಬಾಯಿಗೆ ಬೇರೆ ಕೆಲಸ ಕೊಡೋಣ ಎಂದು ಕಂಪನಿಯ ಚರಿತ್ರೆ ಕೇಳಿದೆ. ಅವರು ಖುಷಿಯಿಂದ ಶುರುಮಾಡಿದರು. ಬೀಗ ಮಾಡುವವನೊಬ್ಬನ ಮಗ, ಚಿಕ್ಕಪ್ಪನ ದನದ ಕೊಟ್ಟಿಗೆಯಲ್ಲಿ ಕೂತು ಹೊಲಿಗೆ ಯಂತ್ರ ಮಾಡತೊಡಗಿದ. ಅದು ೧೮೬೨. ಆಮೇಲೆ ಸೈಕಲ್ಲು. ಅವನ ಐದು ಗಂಡುಮಕ್ಕಳೂ ಸೈಕಲ್ ರೇಸಿನವರು. ಅವನು ಸತ್ತ ಮೇಲೆ ಹೆಂಡತಿ ಮತ್ತು ಮಕ್ಕಳು ಸೇರಿ ಕಾರು ಮಾಡಲು ಹೊರಟರು. ೧೯೧೧ರಲ್ಲಿ ಕಾರ್ಖಾನೆಗೆ ಬೆಂಕಿ ಬಿತ್ತು. ಮತ್ತೆ ಕಟ್ಟಿದಾಗ ಹೊಲಿಗೆ ಯಂತ್ರವನ್ನು ಕೈಬಿಟ್ಟರು. ೧೯೨೪ರಲ್ಲಿ ಇಬ್ಬರು ಕೂರುವ ಪುಟ್ಟ ಹಸಿರು ಕಾರು ಬಂತು. ಜನ ಅದನ್ನು ಮರಗಪ್ಪೆ ಎಂದು ಕರೆದರು.

"ನಮ್ಮದೂ ಹಸಿರು. ಆ ಕಪ್ಪೆಯ ಮೊಮ್ಮಗಳ ಮಗಳು" ಎಂದು ಡ್ಯಾಶ್‌ಬೋರ್ಡನ್ನು ತಟ್ಟಿದರು.

ದುರ್ಗಾಡಿ ಕೋಟೆಯ ಬುಡದ ಸೇತುವೆಯಿಂದ ಕಲ್ಯಾಣಕ್ಕೆ ಇಳಿದಾಗ ಎಂಟು ಗಂಟೆ. ಸ್ಟೇಷನ್ ಬಳಿ ಕುಂದಾಪುರದವರ ಹೋಟೆಲಿನಲ್ಲಿ ಇಡ್ಲಿ ವಡೆ ತಿಂದೆವು. ಸಾಂಬಾರಿಗೆ ಬೆಲ್ಲ ಜಾಸ್ತಿಯಾಗಿತ್ತು, ಚಟ್ನಿ ಮಾತ್ರ ಊರಿನದೇ. ಅಲ್ಲಿಂದ ಮುರಬಾಡ ರಸ್ತೆಗೆ ಹೋದೆವು. ಹದಿನೇಳನೆಯ ವಯಸ್ಸಿನಲ್ಲಿ ಕಾರ್ಕಳದಿಂದ ಬಂದು ಇವರು ಕೆಲಸ ಕಲಿತ ಗ್ಯಾರೇಜು ಅಲ್ಲಿತ್ತು. ಈಗ ಅಲ್ಲಿ ಟೈಲ್ಸ್ ಅಂಗಡಿ. ಶಟರ್ ಇನ್ನೂ ಮುಚ್ಚಿತ್ತು.

"ಬಲಗಡೆಯ ಗೋಡೆಯಲ್ಲಿ, ತಲೆಯಿಂದ ಎರಡು ಮೊಳ ಮೇಲೆ, ಕಬ್ಬಿಣದ ಬಳೆ ಉಂಟಾ ನೋಡು" ಎಂದರು.

ಇತ್ತು. ಅದರ ಮೇಲೂ ಗೋಡೆಯ ಬಣ್ಣವನ್ನೇ ಬಳಿದಿದ್ದರು. ಆ ಬಳೆಗೆ ಸರಪಳಿ ಕಟ್ಟಿ ಎಂಜಿನ್ ಎತ್ತುತ್ತಿದ್ದರಂತೆ. ಕೈ ಎಟುಕದಿದ್ದರೂ ಅವರು ಗೋಡೆಗೆ ಅಂಗೈ ಒತ್ತಿ ನಿಂತರು. ವಾಚ್‌ಮನ್ ಎದ್ದು ಬಂದು ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. "ಕ್ಯಾ ಢೂಂಢ್ ರಹೇ ಹೋ ಅಂಕಲ್?"

"ಮೇರಾ ಪಹಲಾ ನೌಕರಿ" ಎಂದರು ಇವರು, ನನ್ನ ಮೊದಲ ಕೆಲಸ ಎಂಬರ್ಥದಲ್ಲಿ. 'ಮೇರೀ ಪಹಲೀ' ಎನ್ನಬೇಕಿತ್ತು, ಇಲ್ಲಿಗೆ ಬಂದು ಮೂವತ್ತೆಂಟು ವರ್ಷವಾದರೂ ಅವರ ಹಿಂದಿಗೆ ಸ್ತ್ರೀಲಿಂಗ ಬಂದಿಲ್ಲ. ವಾಚ್‌ಮನ್ ನಗಲಿಲ್ಲ. ತನ್ನ ಕುರ್ಚಿ ತಂದು ಹಾಕಿದ. ಇವರು ಐದು ನಿಮಿಷ ಕೂತು ಎದ್ದರು.

ಪತ್ರಿಪೂಲ್ ದಾಟಿ ಶಿಳ್ ರಸ್ತೆ ಹಿಡಿದು ಡೊಂಬಿವಲಿಯ ಮಿಲಾಪ ನಗರ ತಲಪಿದಾಗ ಬಿಸಿಲೇರಿತ್ತು, ಗಾಳಿಯಲ್ಲಿ ಕೆಮಿಕಲ್ ವಾಸನೆಯಿತ್ತು. ಅಲ್ಲಿ ಇವರ ಹಳೆಯ ಗಿರಾಕಿ ಡಾಕ್ಟರ್ ಶಾಂತಾಬಾಯಿ ಇದ್ದಾರೆ. ಧಾರವಾಡದವರು, ಹೆರಿಗೆ ಡಾಕ್ಟರು, ಎಂಬತ್ತು ದಾಟಿದೆ. ಕೋರ್ಸಾ ಇಟ್ಟುಕೊಂಡಿದ್ದರು. ಕಂಪನಿ ದೇಶ ಬಿಟ್ಟು ಹೋದ ಮೇಲೆ ಬಿಡಿಭಾಗ ಸಿಗದೆ ಗಿರಾಕಿಗಳು ಒಬ್ಬೊಬ್ಬರಾಗಿ ಗಾಡಿ ಮಾರಿದರು. ಈ ಡಾಕ್ಟರಮ್ಮ ಮಾತ್ರ ಇವರನ್ನೇ ನಂಬಿ ಇನ್ನೂ ಒಂಬತ್ತು ವರ್ಷ ಓಡಿಸಿದರು.

"ಬಾ ಮಾಧವ. ಕಣ್ಣು ಹ್ವಾದ್ವಂತಲ್ಲೋ" ಎಂದರು ಬಾಗಿಲಲ್ಲೇ.

"ಬೆಳಕು ಕಾಣ್ತದೆ ಡಾಕ್ಟ್ರೇ."

"ನಾ ಗಾಡಿ ಮಾರೋ ಮುಂದ ನಿನಗ ನಾಕು ಸಲ ಫೋನ್ ಹಚ್ಚಿದೆ. ನೀ ಎತ್ತಲಿಲ್ಲ."

"ಎತ್ತಿದ್ರೆ ಮಾರಬೇಡಿ ಅಂತ ಹೇಳ್ಬೇಕಿತ್ತು. ಪಾರ್ಟು ಎಲ್ಲಿಂದ ತರ್ಲಿ?"

ಡಾಕ್ಟರಮ್ಮ ಚಹಾ ತರಿಸಿದರು. ಚಹಾ ಆದ ಮೇಲೆ ಕೋಲು ಹಿಡಿದು ಕೆಳಗಿಳಿದು ಬಂದು, "ಒಂದ ರೌಂಡ್ ಹೊಡಸವ್ವಾ" ಎಂದು ನನಗೆ ಹೇಳಿ ಹಿಂದಿನ ಸೀಟಿನಲ್ಲಿ ಕೂತರು. ಕಾಲೋನಿಯ ಒಳರಸ್ತೆಗಳಲ್ಲಿ ಎರಡು ಸುತ್ತು ಹಾಕಿದೆ. ಅವರು ಎಡಕ್ಕೆ, ಬಲಕ್ಕೆ ಕೈ ತೋರಿಸುತ್ತಿದ್ದರು. ಆ ಮನೆಯಲ್ಲಿ ಅವಳಿ ಮಕ್ಕಳು, ಈ ಮನೆಯಲ್ಲಿ ಕಾಲು ಮೊದಲು ಬಂದ ಕೂಸು. ಮಳೆಗಾಲದಲ್ಲಿ ಮೊಣಕಾಲುದ್ದ ನೀರಿನಲ್ಲಿ ಕೋರ್ಸಾ ನಿಂತಾಗ ಇವರು ಠಾಣೆಯಿಂದ ಲೋಕಲ್ ರೈಲು ಹಿಡಿದು ಬಂದು ಸರಿಮಾಡಿದ ಕತೆಯನ್ನೂ ಹೇಳಿದರು. ನಾನು ಅದನ್ನು ಕೇಳಿದ್ದು ಅಂದೇ ಮೊದಲು. ಮನೆಯಲ್ಲಿ ಇವರು ಜರ್ಮನಿಯ ಚರಿತ್ರೆ ಹೇಳಿದ್ದಾರೆಯೇ ಹೊರತು ತಮ್ಮದನ್ನು ಹೇಳಿದವರಲ್ಲ.

ಇಳಿಯುವಾಗ ಡಾಕ್ಟರಮ್ಮ ನನ್ನ ಭುಜ ಹಿಡಿದು, "ಛಲೋ ಓಡಸ್ತೀ. ಅವನ ಮಾತು ಭಾಳ ಕೇಳಬ್ಯಾಡ" ಎಂದರು.

ಶಿಳ್‌ಫಾಟಾದಲ್ಲಿ ಮಾತ್ರ ಅವರ ಮಾತು ಕೇಳಬೇಕಾಯಿತು. ಹನ್ನೊಂದೂವರೆ ಗಂಟೆ, ಸುಡುವ ಬಿಸಿಲು, ಕಂಟೇನರ್ ಲಾರಿಗಳ ನಡುವೆ ಸಿಕ್ಕಿ ಇಪ್ಪತ್ತು ನಿಮಿಷ ಅಲುಗಾಡಲಿಲ್ಲ. ಇವರು ಮಾತು ನಿಲ್ಲಿಸಿ ಕಿವಿ ನಿಮಿರಿಸಿದರು. "ಎಂಜಿನ್ನಿನ ಫ್ಯಾನ್ ತಿರುಗ್ತಾ ಇಲ್ಲ. ಟೆಂಪರೇಚರ್ ಮುಳ್ಳು ಎಲ್ಲುಂಟು?"

ಮುಳ್ಳು ಕೆಂಪು ಗೆರೆಯ ಹತ್ತಿರವಿತ್ತು. ಅವರು ಹೀಟರ್ ಪೂರ್ತಿ ಹಾಕಿಸಿದರು, ಗಾಜುಗಳನ್ನೆಲ್ಲ ಇಳಿಸಲು ಹೇಳಿದರು. ಎಂಜಿನ್ನಿನ ಬಿಸಿಯಷ್ಟೂ ನಮ್ಮ ಮುಖಕ್ಕೆ ಹೊಡೆಯಿತು. ಹೇಗೋ ಎಡಕ್ಕೆ ಸರಿಸಿ ಒಂದು ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಬಾನೆಟ್ ಎತ್ತಿ ಅರ್ಧ ಗಂಟೆ ಕಾದೆವು. ಅವರು ನನ್ನ ಬೆನ್ನ ಹಿಂದೆ ನಿಂತು ಹೇಳುತ್ತ ಹೋದರು, ನಾನು ಕೈ ಹಾಕುತ್ತ ಹೋದೆ.

"ಬ್ಯಾಟರಿಯ ಆಚೆ ಕಪ್ಪು ಡಬ್ಬಿ. ಮುಚ್ಚಳ ತೆಗಿ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದು, ಚೌಕದ್ದು, ಎರಡು ಒಂದೇ ತರದ್ದು ಉಂಟಲ್ಲ? ಒಂದು ಫ್ಯಾನನ್ನು ಚಾಲೂ ಮಾಡುವ ರಿಲೇ, ಇನ್ನೊಂದು ಹಾರ್ನಿನದ್ದು. ಹಾರ್ನಿನದ್ದನ್ನು ಕಿತ್ತು ಫ್ಯಾನಿನ ಜಾಗಕ್ಕೆ ಹಾಕು."

"ಹಾರ್ನ್ ಇಲ್ಲದೆ ತಳೋಜಾ ರೋಡಲ್ಲಿ ಹೋಗುವುದು ಹೇಗೆ?"

"ಹೋಗುವ. ಫ್ಯಾನ್ ಇಲ್ಲದೆ ಹೋಗ್ಲಿಕ್ಕಾಗುವುದಿಲ್ಲ."

ಬೆರಳು ಸುಟ್ಟುಕೊಂಡು ರಿಲೇ ಬದಲಿಸಿದೆ. ಕೀಲಿ ತಿರುಗಿಸಿದ ಸ್ವಲ್ಪ ಹೊತ್ತಿಗೆ ಫ್ಯಾನು ಗುಂಯ್ ಎಂದಿತು. ತಳೋಜಾದ ಉದ್ದಕ್ಕೂ ಹಾರ್ನಿನ ಬದಲು ಇವರು ಕಿಟಕಿಯಿಂದ ಕೈ ಹೊರಹಾಕಿ, ಹಳೆಯ ಬಸ್ ಕಂಡಕ್ಟರರ ಹಾಗೆ, ಬಾಗಿಲಿಗೆ ದಬದಬ ಬಡಿಯುತ್ತ ಬಂದರು. "ಬಡೀರಿ" ಎಂದು ನಾನು ಹೇಳುವುದು, ಅವರು ಬಡಿಯುವುದು. ಕಳಂಬೋಲಿಯ ಹೊತ್ತಿಗೆ ಇಬ್ಬರೂ ನಗುತ್ತಿದ್ದೆವು.

ಕಾಮೋಠೆಯಲ್ಲಿ ಪ್ರಸನ್ನ ಗೇಟಿನ ಹೊರಗೇ ಕಾಯುತ್ತಿದ್ದರು. ನಲವತ್ತರ ಆಸುಪಾಸು, ಮೃದು ಮಾತು. ತಮ್ಮ ಹೌಸಿಂಗ್ ಸೊಸೈಟಿಯ ಹಿಂಭಾಗದಲ್ಲಿ ತಗಡಿನ ಶೆಡ್ಡು ಬಾಡಿಗೆಗೆ ಹಿಡಿದಿದ್ದರು. ಒಳಗೆ ಎರಡು ಆಸ್ಟ್ರಾಗಳಿದ್ದವು. ಕಿರಮಂಜಿ ಬಣ್ಣದ್ದು ತೊಳೆದು ಒರೆಸಿದ್ದು. ಬಿಳಿಯದಕ್ಕೆ ಎಂಜಿನ್ನಿಲ್ಲ, ಬಾಗಿಲಿಲ್ಲ, ಸೀಟಿಲ್ಲ. ಅದರ ಪಕ್ಕದಲ್ಲೇ ಇನ್ನೊಂದು ಗಾಡಿಯಷ್ಟು ಜಾಗ ಗುಡಿಸಿಟ್ಟಿದ್ದರು. ನನಗೆ ಅರ್ಥವಾಯಿತು.

"ನೀವು ಇದನ್ನ ಬಿಚ್ಚಲಿಕ್ಕೆ ತಗೊಳ್ಳೋದಾ?" ಎಂದೆ.

ಪ್ರಸನ್ನ ತಲೆ ತಗ್ಗಿಸಿದರು. "ಹೌದು ಅಮ್ಮ. ಫೋನಲ್ಲೇ ಹೇಳಬೇಕಾಗಿತ್ತು, ಧೈರ್ಯ ಬರ್ಲಿಲ್ಲ. ಈ ಕೆಂಪುದು ನಮ್ಮಪ್ಪಂದು. ಅವರು ಹೋಗಿ ಆರು ವರ್ಷ ಆಯ್ತು. ಎಂಜಿನ್ ಮುಗಿದುಹೋಗಿದೆ. ಬೇರೇದು ಎಲ್ಲೂ ಸಿಗ್ತಿಲ್ಲ."

"ಹಾಗಾದ್ರೆ ನಾವು ವಾಪಸ್ ಹೋಗ್ತೇವೆ" ಎಂದು ಇವರ ಕೈ ಹಿಡಿದೆ. ಬೆಳಿಗ್ಗೆಯಷ್ಟೇ ನನ್ನ ಕೈಗೆ ಬಂದ ಗಾಡಿ. ಅದನ್ನು ತುಂಡು ಮಾಡಲು ಇಷ್ಟು ದೂರ ತಂದೆನೇ? ಇವರು ಕೈ ಬಿಡಿಸಿಕೊಳ್ಳಲಿಲ್ಲ, ಹೊರಡಲೂ ಇಲ್ಲ.

"ಆ ಕೆಂಪು ಗಾಡಿಯನ್ನು ಸ್ಟಾರ್ಟ್ ಮಾಡಿ" ಎಂದರು.

ನಾಲ್ಕನೆಯ ಸಲಕ್ಕೆ ಅದು ಸ್ಟಾರ್ಟ್ ಆಯಿತು. ಒಳಗಿನಿಂದ ಟಕಟಕ ಸದ್ದು. ಇವರು ಬಾನೆಟ್ಟಿನ ಮೇಲೆ ಕೈಯಿಟ್ಟು ಒಂದು ನಿಮಿಷ ಕೇಳಿ, "ಆಫ್ ಮಾಡಿ, ಅದಕ್ಕೆ ನೋವಾಗ್ತದೆ" ಎಂದರು. ಆಮೇಲೆ ಕಿರಮಂಜಿ ಗಾಡಿಯ ಸುತ್ತ, ಬಾಗಿಲು, ಗಾಜು, ಮಡ್‌ಗಾರ್ಡು ಎಲ್ಲವನ್ನೂ ತಡವುತ್ತ ಒಂದು ಸುತ್ತು ಬಂದರು. ಎಲ್ಲೂ ತುಕ್ಕು ಕೈಗೆ ಸಿಗಲಿಲ್ಲ.

"ಆಸ್ಟ್ರಾಕ್ಕಿಂತ ಮೊದಲು ಕಂಪನಿ ಮಾಡ್ತಿದ್ದ ಗಾಡಿಗೆ ಕಡೆಟ್ ಅಂತ ಹೆಸರು" ಎಂದು ಶುರುಮಾಡಿದರು. ಅವರು ಮಾತಾಡುತ್ತಿದ್ದುದು ನನ್ನೊಡನೆ. "ಎರಡನೇ ಮಹಾಯುದ್ಧ ಮುಗಿದ ಮೇಲೆ ಅದನ್ನು ಮಾಡುವ ಮೆಷಿನ್ನುಗಳನ್ನೆಲ್ಲ ಕಿತ್ತು ರಷ್ಯಕ್ಕೆ ತಗೊಂಡು ಹೋದರು. ಜರ್ಮನಿಯಲ್ಲಿ ಕಡೆಟ್ ಎಷ್ಟೋ ವರ್ಷ ನಿಂತುಹೋಯಿತು. ಮಾಸ್ಕೋದಲ್ಲಿ ಅದೇ ಗಾಡಿ ಬೇರೆ ಹೆಸರಲ್ಲಿ ಓಡಿತು. ಡಾಕ್ಟ್ರಮ್ಮನ ಕೋರ್ಸಾ ಒಂಬತ್ತು ವರ್ಷ ಹೇಗೆ ಓಡಿದ್ದು ವಿಮಲಾ? ಎಷ್ಟು ಗಾಡಿ ಬಿಚ್ಚಿದ್ದೇನೆ ಅದಕ್ಕಾಗಿ. ಅವುಗಳ ಯಜಮಾನರೂ ನಿನ್ನ ಹಾಗೇ ನಿಂತು ನೋಡಿದ್ದಾರೆ."

ಅವರು ಪ್ರಸನ್ನರ ಕಡೆಗೆ ತಿರುಗಿದರು. "ಒಂದು ಷರತ್ತು ಉಂಟು. ಗ್ಯಾರೇಜಿನವರ ಕೈಗೆ ಕೊಡಬಾರದು. ನಾನು ಭಾನುವಾರ ಭಾನುವಾರ ಬರ್ತೇನೆ. ನಾನು ಹೇಳಿದ ಹಾಗೆ ನೀವೇ ಬಿಚ್ಚಬೇಕು, ನೀವೇ ಕೂರಿಸಬೇಕು."

"ನನಗೆ ಬರಲ್ಲ ಸಾರ್."

"ಬೆಳಿಗ್ಗೆವರೆಗೆ ಇವಳಿಗೂ ಬರ್ತಿರಲಿಲ್ಲ. ಹತ್ತು ನಂಬರಿನ ಪಾನಾ ಕೊಡಿ."

ಹಸಿರು ಆಸ್ಟ್ರಾದ ಬಾನೆಟ್ ನಾನೇ ಎತ್ತಿದೆ. ಎಂಜಿನ್ ಇನ್ನೂ ಬೆಚ್ಚಗಿತ್ತು. ಇವರ ಬೆರಳುಗಳು ತಡಕಾಡದೆ ಬ್ಯಾಟರಿಗೆ ಹೋದವು. ನೆಗೆಟಿವ್ ಟರ್ಮಿನಲ್ಲಿನ ನಟ್ಟನ್ನು ಪಾನಾದಿಂದ ಸಡಿಲಿಸಿ, ವಯರನ್ನು ಪಕ್ಕಕ್ಕೆ ಬಾಗಿಸಿದರು. ಡ್ಯಾಶ್‌ಬೋರ್ಡಿನಲ್ಲಿ ಮಿಣುಕುತ್ತಿದ್ದ ಗಡಿಯಾರ ಆರಿತು.

ಪ್ರಸನ್ನರ ಮನೆಯಲ್ಲಿ ಬಿಸಿಬೇಳೆ ಬಾತ್ ಊಟ ಮಾಡಿ, ಮಾನಸರೋವರ ಸ್ಟೇಷನ್ನಿನಿಂದ ಮೂರೂವರೆಯ ಠಾಣೆ ಲೋಕಲ್ ಹತ್ತಿದೆವು. ಭಾನುವಾರವಾದ್ದರಿಂದ ಕೂರಲು ಜಾಗ ಸಿಕ್ಕಿತು. ಬೇಲಾಪುರದ ಗುಡ್ಡ ದಾಟಿತು, ನೆರೂಳ್ ಬಂತು. ನನ್ನ ಬೆರಳಿನ ಬೊಕ್ಕೆ ಉರಿಯುತ್ತಿತ್ತು.

"ಎರಡನೇ ಗೇರಿನಿಂದ ಮೂರಕ್ಕೆ ಹಾಕುವಾಗ ಬಿಗಿ ಹಿಡೀತಿತ್ತಾ?" ಎಂದು ಇವರು ಕೇಳಿದರು.

"ಇಲ್ಲ. ಬೆಣ್ಣೆಯ ಹಾಗೆ ಹೋಗ್ತಿತ್ತು."

ಘನ್ಸೋಲಿ ದಾಟುವವರೆಗೂ ಅವರು ಅದನ್ನೇ ಯೋಚಿಸುತ್ತಿದ್ದರೆಂದು ಕಾಣುತ್ತದೆ. "ನನಗೆ ಯಾವಾಗಲೂ ಹಿಡೀತಿತ್ತು" ಎಂದರು ಕೊನೆಗೆ. "ಇಪ್ಪತ್ತು ವರ್ಷ ಅದು ಗೇರ್‌ಬಾಕ್ಸಿನ ದೋಷ ಅಂತಲೇ ತಿಳ್ಕೊಂಡಿದ್ದೆ."