ಶಾಖ ಸಾಗುವ ಮೂರು ದಾರಿ

ನನಗೆ ಕೆಲಸ ಸಿಕ್ಕಿದ್ದು ಹಳೇಬೀಡಿಗಿಂತ ಕೊಂಚ ಮೊದಲೇ ಇಳಿಯಬೇಕಾದ ಒಂದು ಊರಿನ ಪ್ರಾಥಮಿಕ ಶಾಲೆಯಲ್ಲಿ. ಮನೆ ಅರಸೀಕೆರೆ. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಬರುವುದು, ಹಗಲೆಲ್ಲ ಬೋರ್ಡಿನ ಮುಂದೆ ನಿಲ್ಲುವುದು, ಸಂಜೆ ಮತ್ತೆ ಬಸ್ಸಿನಲ್ಲಿ ನಿಂತು ಹೋಗುವುದು. ಹುಡುಗನಿಗೆ ಕೂತು ಉಣ್ಣುವ ಕೆಲಸ ಸಿಕ್ಕಿತು ಅಂತ ನಮ್ಮ ಬೀದಿಯವರೆಲ್ಲ ಸಂತೋಷಪಟ್ಟಿದ್ದರು.

ಬೇರೆಯವರ ಹಾಗೆ ಮಾತಾಡಿ ತೋರಿಸುವುದು ನನಗೆ ಚಿಕ್ಕಂದಿನಿಂದ ಅಂಟಿದ ಚಟ. ಬಸ್ಸಿನ ಕಂಡಕ್ಟರು, ಕೊಬ್ಬರಿ ಮಂಡಿಯ ಸಾಹುಕಾರರು, ಮದುವೆಮನೆಯಲ್ಲಿ ಮುನಿಸಿಕೊಂಡ ಬೀಗರು, ಯಾರನ್ನೂ ಬಿಟ್ಟವನಲ್ಲ. ಯಾರೂ ನೆನಪಿಗೆ ಬಾರದ ದಿನ ನನ್ನನ್ನೇ ಮಾಡಿ ತೋರಿಸುತ್ತಿದ್ದೆ: ಹಾಜರಿ ಕೂಗುತ್ತ ಕೂಗುತ್ತ ಹೆಸರಿನ ನಡುವೆಯೇ ಆಕಳಿಸುವ ಮೇಷ್ಟ್ರು. ಅದಕ್ಕೆ ಮಕ್ಕಳು ಹೆಚ್ಚು ನಗುತ್ತಿದ್ದರು. ನನಗೆ ಶ್ರಮವೂ ಕಡಿಮೆ.

ಆ ವರ್ಷ ನಮ್ಮ ಶಾಲೆಯ ಮಕ್ಕಳ ಲೆಕ್ಕಕ್ಕೆ ಮೇಷ್ಟ್ರು ಒಬ್ಬರು ಹೆಚ್ಚಾದರು ಅಂತ ಮೇಲಿನವರು ತೀರ್ಮಾನಿಸಿದರು. ಕೊನೆಗೆ ಬಂದು ಸೇರಿದವನು ನಾನು. ಹೆಚ್ಚಾದವರನ್ನು ಅರೇಹಳ್ಳಿ ಕಡೆಯ ಒಂದು ಶಾಲೆಗೆ ಹಾಕುತ್ತಾರಂತೆ, ಅಲ್ಲಿ ಮೇಷ್ಟ್ರೇ ಇಲ್ಲವಂತೆ. ಬೇಲೂರಿನವರೆಗೆ ಹೋಗಿ, ಅಲ್ಲಿಂದ ಅರೇಹಳ್ಳಿ ಬಸ್ಸು ಹತ್ತಿ, ಅಲ್ಲಿಂದಾಚೆಗೆ ಸಿಕ್ಕಿದ್ದಕ್ಕೆ ಕೈ ಅಡ್ಡ ಹಾಕಬೇಕು. ಒಂದು ಬಸ್ಸಿಗೇ ನನ್ನ ಮಂಡಿ ಸವೆದು ಹೋಗಿತ್ತು. ಇದ್ದ ಆಸೆಯೆಲ್ಲ ಹೆಡ್ ಮೇಷ್ಟ್ರ ಮೇಲೆ. ಪಾಠ ನೋಡಲು ಶಿಕ್ಷಣ ಇಲಾಖೆಯ ಸಾಹೇಬರು ಬಂದಾಗ ಅವರು "ಈ ಹುಡುಗ ನಮಗೆ ಬೇಕು" ಅಂದರೆ ನಾನು ಉಳಿಯಬಹುದಿತ್ತು.

ಹೆಡ್ ಮೇಷ್ಟ್ರು ನಿವೃತ್ತಿಯ ಹತ್ತಿರ ಇದ್ದವರು. ಮಧ್ಯಾಹ್ನದ ಮೇಲೆ ಜಗಲಿಯ ಕುರ್ಚಿಯಲ್ಲಿ ಒಂದು ಕಾಲು ಮೇಲಿಟ್ಟು, ದವಡೆಯಲ್ಲಿ ಅಡಿಕೆ ಇಟ್ಟುಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂರುತ್ತಿದ್ದರು. ಬೈಯುವವರಲ್ಲ, ಕೋಲು ಹಿಡಿದವರೂ ಅಲ್ಲ. ನೋಡುತ್ತಿದ್ದರು, ಅಷ್ಟೇ. ಮೈದಾನದ ಆ ತುದಿಯಲ್ಲಿ ಮರಕ್ಕೆ ಕಲ್ಲು ಹೊಡೆಯುತ್ತಿದ್ದವನು ಕಲ್ಲನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದ.

ಸಾಹೇಬರು ಬರುವ ವಾರ ಐದನೇ ತರಗತಿಗೆ ಶಾಖದ ಪಾಠ. ಮೊದಲು ಪುಸ್ತಕದಲ್ಲಿದ್ದ ಹಾಗೇ ಮಾಡಿದೆ. ವಹನ, ಸಂವಹನ, ವಿಕಿರಣ. ಮಕ್ಕಳು ಮಂತ್ರದ ಹಾಗೆ ಒಪ್ಪಿಸಿದರು. ಏನೆಂದು ಕೇಳಿದರೆ ಮೂರಕ್ಕೂ ಒಂದೇ ಉತ್ತರ: "ಸುಡ್ತೈತೆ ಸಾ."

ನನಗೋ ಮತ್ತೊಮ್ಮೆ ಹೇಳಲು ತ್ರಾಣವಿರಲಿಲ್ಲ. ಎಲ್ಲರನ್ನೂ ಎಬ್ಬಿಸಿ ಒತ್ತೊತ್ತಾಗಿ ನಿಲ್ಲಿಸಿದೆ. "ಇದು ಅರಸೀಕೆರೆ ಬಸ್ಸು. ಸಂತೆ ದಿನ. ಹಿಂದಿನ ಬಾಗಿಲಲ್ಲಿ ಜೋತು ಬಿದ್ದಿರೋನು ಟಿಕೆಟ್ಟಿನ ಚಿಲ್ಲರೆ ಹೆಂಗೆ ಕಳಿಸ್ತಾನೆ?"

"ಕೈಯಿಂದ ಕೈಗೆ ಸಾ."

"ಮಧ್ಯದಲ್ಲಿರೋರು ಜಾಗ ಬಿಟ್ಟು ಕದಲ್ತಾರಾ?"

"ಎಲ್ಲಿ ಕದಲ್ತಾರೆ ಸಾ, ಉಸ್ರಾಡಕ್ಕೇ ಜಾಗ ಇರಲ್ಲ."

ಸೌಟಿನ ತುದಿ ಒಲೆಯಲ್ಲಿದ್ದರೆ ಹಿಡಿ ಸುಡುವುದು ಹೀಗೆ ಅಂದೆ. ಇದ್ದವರು ಇದ್ದಲ್ಲೇ ಇರುತ್ತಾರೆ, ಶಾಖ ದಾಟಿಕೊಂಡು ಬರುತ್ತದೆ. ಆಮೇಲೆ ನಾನೇ ಕಂಡಕ್ಟರಾದೆ. ಪೆನ್ಸಿಲ್ ಕಿವಿಗೆ ಸಿಕ್ಕಿಸಿ, "ಒಳಕ್ ನಡೀರೀ, ಮುಂದೆ ಮನೆ ಕಟ್ಟೋ ಅಷ್ಟ್ ಜಾಗ ಐತೆ" ಎನ್ನುತ್ತ ಮಕ್ಕಳ ನಡುವೆ ನುಗ್ಗಿದೆ. ಇವನು ಟಿಕೆಟ್ಟನ್ನು ತಾನೇ ಹೊತ್ತು ತಿರುಗುತ್ತಾನೆ. ಹಂಡೆಯ ತಳದಲ್ಲಿ ಕಾದ ನೀರೂ ಹೀಗೆಯೇ, ಶಾಖ ಹೊತ್ತು ತಾನೇ ಮೇಲಕ್ಕೆ ಹೋಗುತ್ತದೆ.

ಮೂರನೆಯದಕ್ಕೆ ಬಸ್ಸು ಕೈಕೊಟ್ಟಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು, ಯಾವುದನ್ನೂ ಸುಮ್ಮನೆ ಒಪ್ಪದವಳು, ಕೇಳಿದಳು: "ಸೂರ್ಯ ಅಷ್ಟು ದೂರ ಅವ್ನೆ. ಮಧ್ಯದಲ್ಲಿ ಯಾರೂ ಇಲ್ವಲ್ಲ ಸಾ, ಯಾರು ಕೈ ದಾಟಿಸ್ತಾರೆ?"

ಕಿಟಕಿಯಾಚೆ ನೋಡಿದೆ. ಜಗಲಿಯಲ್ಲಿ ಹೆಡ್ ಮೇಷ್ಟ್ರು. ಮುಂದಿನದು ಯೋಚಿಸಿ ಮಾಡಿದ್ದಲ್ಲ. ಕುರ್ಚಿ ಎಳೆದು, ಕಾಲು ಮೇಲಿಟ್ಟು, ಇಲ್ಲದ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, ಕೊನೆಯ ಸಾಲಿನವನನ್ನು ನೋಡಿದೆ. ಅವನು ಬೆವರಿದ. ತರಗತಿ ಬಿದ್ದು ಬಿದ್ದು ನಕ್ಕಿತು. ವಿಕಿರಣ ಅರ್ಥವಾಯಿತು.

ಸಾಹೇಬರು ಬಂದ ದಿನ ಹೆಡ್ ಮೇಷ್ಟ್ರು ಅವರ ಪಕ್ಕದಲ್ಲೇ ಕುಳಿತು ಪಾಠ ಕೇಳಿದರು. ನಾನು ಒಳ್ಳೆಯ ಹುಡುಗನ ಹಾಗೆ ಪುಸ್ತಕದ ಪಾಠವನ್ನೇ ಮಾಡಿದೆ. ಕೊನೆಯಲ್ಲಿ ಸಾಹೇಬರು ಆ ಹುಡುಗಿಯನ್ನೇ ಎಬ್ಬಿಸಿದರು. "ಮುಟ್ಟದೇನೆ, ಮಧ್ಯದಲ್ಲಿ ಏನೂ ಇಲ್ಲದೇನೆ ಶಾಖ ಹೇಗಮ್ಮ ಬರುತ್ತೆ?"

ನಾನು ಅವಳಿಗೆ ಬೇಡವೆಂದು ಕಣ್ಣು ಮಾಡಿದೆ. ಅವಳು ಅದನ್ನು ಅಪ್ಪಣೆ ಅಂದುಕೊಂಡಳು. ನೆಟ್ಟಗೆ ಬಂದು ನನ್ನ ಕುರ್ಚಿ ಹತ್ತಿದಳು. ಕಾಲು ಮೇಲಕ್ಕೆ ಹೋಯಿತು, ದವಡೆ ಉಬ್ಬಿತು, ಮೂಗಿನ ತುದಿಗೆ ಬೆರಳಿನ ಕನ್ನಡಕ ಇಳಿಯಿತು.

"ನಮ್ ಹೆಡ್ ಮೇಷ್ಟ್ರು ಹಿಂಗೆ ಕೂತಿರ್ತಾರೆ ಸಾ. ಎದ್ದು ಬರಲ್ಲ, ಹೇಳಿ ಕಳ್ಸಲ್ಲ. ಅಲ್ಲಿರೋನಿಗೆ ಸುಡ್ತೈತೆ."

ಸಾಹೇಬರು ಕರವಸ್ತ್ರ ತೆಗೆದು ಬಾಯಿಗೆ ಅಡ್ಡ ಹಿಡಿದರು. ಹೆಡ್ ಮೇಷ್ಟ್ರು ನನ್ನತ್ತ ತಿರುಗಿದರು. ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು, ಆಗ ನನಗೂ ಸುಟ್ಟಿತು.

ಅವರಿಬ್ಬರೂ ಆಫೀಸು ಕೋಣೆಯಲ್ಲಿ ಬಹಳ ಹೊತ್ತು ಮಾತಾಡಿದರು. ಸಾಹೇಬರ ಜೀಪು ಹೋದ ಮೇಲೆ ಹೆಡ್ ಮೇಷ್ಟ್ರು ನನ್ನನ್ನು ಕರೆದರು.

"ನಾನು ಹಂಗೇ ಕೂರ್ತೀನೇನ್ರೀ?"

"ಇಲ್ಲ ಸಾರ್."

"ಕೂರ್ತೀನಿ ಬಿಡ್ರೀ. ಮನೇಲೂ ಹೇಳ್ತಾರೆ." ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. "ನಿಮ್ಮನ್ನ ಇಲ್ಲೇ ಬಿಡಿ ಅಂತ ಕೇಳ್ದೆ. ಎರಡೆರಡು ಸಲ ಕೇಳ್ದೆ. ಅವರು ಒಪ್ಲಿಲ್ಲ. ಮಕ್ಕಳಿಗೆ ಹಿಂಗೆ ತಲೆಗೆ ಹೋಗೋ ಹಂಗೆ ಹೇಳೋರು ಅರೇಹಳ್ಳಿ ಕಡೆಗೇ ಬೇಕಂತೆ. ಅಲ್ಲಿ ಒಬ್ಬರೂ ಇಲ್ವಲ್ಲ."

ಪಾಠ ಕೆಟ್ಟಿದ್ದರೆ ಉಳಿಯುತ್ತಿದ್ದೆನೋ ಏನೋ. ಕೇಳಲು ಹೋಗಲಿಲ್ಲ. ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತೆ. ಅವರೇ ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟರು.

"ಹೋಗೋದ್ರೊಳಗೆ ಪಾಠ ಮುಗಿಸಿ ಹೋಗ್ರೀ," ಎಂದರು. "ಅದೆಲ್ಲ ನನಗೆ ಬರಲ್ಲ."

ತರಗತಿಗೆ ಹೋದೆ. ಉಳಿದಿದ್ದು ಒಂದೇ ತುಂಡು: ಕಂಬಳಿ ತಾನಾಗಿ ಬಿಸಿ ಕೊಡುವುದಿಲ್ಲ, ನಮ್ಮ ಮೈಯ ಶಾಖವನ್ನು ಹೊರಗೆ ಹೋಗಗೊಡುವುದಿಲ್ಲ, ಅಷ್ಟೇ. ಯಾರ ಹಾಗೂ ಮಾಡಿ ತೋರಿಸಲಿಲ್ಲ. ಕುಳಿತುಕೊಂಡೇ ಹೇಳಿದೆ.

ಹುಡುಗಿ ಎದ್ದು ನಿಂತಳು. "ಸಾ, ನಾನ್ ಹೇಳಿದ್ದು ಸರಿಯಾಗಿತ್ತಾ?"

"ಸರಿಯಾಗಿತ್ತು ಕಣೇ," ಅಂದೆ. "ಕೂತ್ಕೋ."