ಹನ್ನೊಂದು ಬೇಲಿಗಳ ಆಲ್ಡಾ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಈಲ್ ನದಿ ಸಮುದ್ರ ಸೇರುವ ಬಯಲಿನಲ್ಲಿ ಮಂಜು ಹಸುಗಳ ಹೊಟ್ಟೆಮಟ್ಟಕ್ಕೆ ನಿಂತಿದೆ. ಆಲ್ಡಾ ಬೆಟನ್‌ಕೋರ್ಟ್ ಬೇಲಿಯ ಪಕ್ಕ ಬಗ್ಗಿ ವಿಲೋ ಗಿಡದ ಚಿಗುರೊಂದನ್ನು ಮೂಸುತ್ತಾರೆ. ಎರಡು ಹೆಜ್ಜೆ ನಡೆದು ಇನ್ನೊಂದನ್ನು ಮೂಸುತ್ತಾರೆ. ಎಂಟನೆಯ ಗಿಡದ ಬಳಿ ನಿಲ್ಲುತ್ತಾರೆ. ಅದರ ತುದಿ ಸುರುಟಿಕೊಂಡಿದೆ.

ಅರವತ್ತಾರರ ಆಲ್ಡಾ ಬೇರೆಯವರ ಡೈರಿಯಲ್ಲಿ ಹಾಲು ಕರೆಯುತ್ತಾರೆ. ಅವರ ಮುತ್ತಜ್ಜ ಪೋರ್ಚುಗಲ್ಲಿನ ದ್ವೀಪವೊಂದರಿಂದ ಬಂದು ಇಲ್ಲಿ ಹುಲ್ಲುಗಾವಲು ಮಾಡಿಕೊಂಡವರು. ನೆಲ ಇಲ್ಲಿನ ಮೂಲನಿವಾಸಿಗಳಾದ ವಿಯೋಟ್ ಜನರದ್ದು. ಅವರನ್ನು ಯಾರೂ ಕೇಳಿರಲಿಲ್ಲ. ಈಗ ಇಲ್ಲಿನ ಕೆಲವು ಮನೆಗಳವರು ವರ್ಷಕ್ಕೊಮ್ಮೆ ವಿಯೋಟರ ಕಚೇರಿಗೆ ಗೌರವದ ಕಾಣಿಕೆ ಕಳಿಸುತ್ತಾರೆ. ಕಾನೂನಿನ ಒತ್ತಾಯವಿಲ್ಲ. ಕೈಯಲ್ಲಿ ದುಡ್ಡಿಲ್ಲದ ಹನ್ನೊಂದು ಮನೆಗಳವರು ಹೊಳೆಯಂಚಿನ ವಿಲೋ ಪಟ್ಟಿಗಳನ್ನೇ ವಿಯೋಟರ ಬುಟ್ಟಿ ಹೆಣೆಯುವವರಿಗೆ ಬಿಟ್ಟುಕೊಟ್ಟಿದ್ದಾರೆ. ಅಲ್ಲಿ ದನ ಮೇಯಿಸುವಂತಿಲ್ಲ, ಕಳೆನಾಶಕ ಸಿಂಪಡಿಸುವಂತಿಲ್ಲ. ಆ ಪಟ್ಟಿಗಳ ನಾಲ್ಕು ಮೈಲಿ ಬೇಲಿಯನ್ನು ಹತ್ತೊಂಬತ್ತು ವರ್ಷಗಳಿಂದ ಕಾಯುತ್ತಿರುವವರು, ಕಡ್ಡಿ ನೇರ ಬರಲೆಂದು ಚಳಿಗಾಲದಲ್ಲಿ ಗಿಡ ಸವರುವವರು ಆಲ್ಡಾ. ಸಂಬಳವಿಲ್ಲ.

ಈ ಕೊಡುಗೆಗೆ ಒಂದೇ ಕಟ್ಟಳೆ. ಯಾರು ಬಂದರು, ಎಲ್ಲಿ ಕೊಯ್ದರು, ಎಷ್ಟು ಒಯ್ದರು ಎಂದು ಕೇಳಬಾರದು. "ಕೇಳಿದ್ರೆ ನಾವು ಒಡೆಯರು, ಅವರು ಬೇಡೋಕೆ ಬಂದೋರು ಅಂತಾಗುತ್ತೆ," ಎನ್ನುತ್ತಾರೆ ಆಲ್ಡಾ.

ಈ ವಾರ ಆ ಕಟ್ಟಳೆಯೇ ಅವರ ನಿದ್ದೆ ಕೆಡಿಸಿದೆ. ಒಂದು ಹೊಲವನ್ನು ಹೊಸದಾಗಿ ಗುತ್ತಿಗೆಗೆ ಹಿಡಿದವನು ಗಾಳಿ ಬೀಸುವ ಹೊತ್ತಿನಲ್ಲಿ ಮುಳ್ಳುಗಿಡಗಳಿಗೆ ಕಳೆಯ ಔಷಧಿ ಹೊಡೆದಿದ್ದಾನೆ, ಅದು ಹಾರಿ ವಿಲೋ ಮೇಲೂ ಬಿದ್ದಿದೆ. ವಿಚಾರಿಸಿದರೆ, ವಿಲೋ ಗಿಡಕ್ಕೆ ಹೊಡೆದಿಲ್ಲವಲ್ಲ ಎಂದನಂತೆ. ಸುರುಟಿದ ಗಿಡಗಳ ನಡುವೆ ಹೊಸದಾಗಿ ಕೊಯ್ದ ಗುರುತುಗಳಿವೆ. ಹೆಣೆಯುವವರು ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿಯೇ ಸಿಪ್ಪೆ ಸುಲಿಯುತ್ತಾರೆ. ಒಯ್ದವರು ಯಾರೆಂದು ಯಾರಿಗೂ ಗೊತ್ತಿಲ್ಲ.

ಆಲ್ಡಾ ಹೆಣೆಯುವವರ ಮನೆ ಮನೆಗೆ ಹೊರಡುತ್ತಾರೆ, ಅವರ ಬಗ್ಗೆ ಬರೆಯಲು ಬಂದ ನಾನೂ ಜೊತೆಗಿದ್ದೇನೆ. ಮೂರು ಮನೆಗಳಲ್ಲಿ, ನಾವಲ್ಲ ಎಂಬ ಉತ್ತರ. ನಾಲ್ಕನೆಯದು ಎಂಬತ್ತೊಂದರ ಲೊರೀನ್ ಹಾಚ್‌ಕಿಸ್ ಅವರದು. ಜಗಲಿಯಲ್ಲಿ ಕೂತಿದ್ದಾರೆ, ಮಡಿಲಲ್ಲಿ ಕಡ್ಡಿಯ ಕಟ್ಟು. ಒಂದು ಕಡ್ಡಿ ಹಲ್ಲುಗಳ ನಡುವೆ ಇದೆ.

"ಉಗಿ, ಲೊರೀನ್. ಮೊದಲು ಉಗಿ."

ಲೊರೀನ್ ಉಗಿದು ಬಾಯಿ ಒರೆಸಿಕೊಳ್ಳುತ್ತಾರೆ. "ಇಷ್ಟು ವರ್ಷ ಒಂದು ಮಾತು ಕೇಳಿದೋಳಲ್ಲ. ಇವತ್ತು ಬಂದಿದ್ದೇ ಉಗಿ ಅಂತೀಯಲ್ಲೇ?"

ಎಲ್ಲಿ ಕೊಯ್ದೆ ಎಂದು ಆಲ್ಡಾ ಕೇಳುತ್ತಾರೆ. ಕೇಳುವಾಗ ಅವರ ಕಣ್ಣು ನೆಲದ ಮೇಲಿದೆ. ಲೊರೀನ್ ಹೇಳುತ್ತಾರೆ. ಅದೇ ಬೇಲಿ. ಆಗಲೇ ಆರು ಕಡ್ಡಿ ಸುಲಿದಾಗಿದೆ.

ಆಸ್ಪತ್ರೆಯಲ್ಲಿ ಬಾಯಿ ತೊಳೆಸಿ, ಸದ್ಯಕ್ಕೇನೂ ಕಾಣುತ್ತಿಲ್ಲ, ಒಂದು ವಾರ ಗಮನಿಸಿ ಎಂದಿದ್ದಾರೆ. 'ಸದ್ಯಕ್ಕೆ' ಎಂಬ ಮಾತು ಆಲ್ಡಾರನ್ನು ದಿನಕ್ಕೆರಡು ಸಲ ಆ ಜಗಲಿಗೆ ಎಳೆದು ತರುತ್ತಿದೆ. "ನನ್ನ ತುಟಿ ನೋಡೋಕೆ ನನ್ನ ಗಂಡನೂ ಇಷ್ಟು ಸಲ ಬಂದಿರ್ಲಿಲ್ಲ," ಎಂದು ಲೊರೀನ್ ಛೇಡಿಸುತ್ತಾರೆ. ಆಲ್ಡಾ ನಗುವುದಿಲ್ಲ.

ಐದನೆಯ ದಿನ ಅವರು ತಡೆಯಲಾರದೆ ಹೇಳಿಯೇಬಿಡುತ್ತಾರೆ: ನಮ್ಮ ಕೊಡುಗೆಯೇ ವಿಷವಾಗುವುದಾದರೆ ಇದನ್ನೆಲ್ಲ ನಿಲ್ಲಿಸಿಬಿಡೋಣ.

ಲೊರೀನ್‌ಗೆ ಸಿಟ್ಟು ಬರುತ್ತದೆ. "ಕೊಡೋದು ನಿಲ್ಲಿಸ್ಬೇಡ, ಕೇಳೋದು ಕಲಿ. ನಮ್ಮನ್ನಲ್ಲ, ಔಷಧಿ ಹೊಡೆಯೋರನ್ನ."

ಅಂದಿನಿಂದ ಆಲ್ಡಾ, ಯಾವಾಗ ಎಲ್ಲಿ ಔಷಧಿ ಹೊಡೆಯುತ್ತೀರಿ ಎಂದು ಕೇಳಲು ಹನ್ನೊಂದೂ ಮನೆಗಳ ಬಾಗಿಲು ತಟ್ಟುತ್ತಿದ್ದಾರೆ. ವಾರ ಕಳೆದಿದೆ, ಲೊರೀನ್ ಕುಶಲ. ಕೆಟ್ಟ ಪಟ್ಟಿಯನ್ನು ಆಲ್ಡಾ ಬುಡದವರೆಗೆ ಕಡಿಯುತ್ತಿದ್ದಾರೆ. ಗುತ್ತಿಗೆಯವನು ತಲೆ ತಗ್ಗಿಸಿಕೊಂಡು ಕಡಿದದ್ದನ್ನು ಚೀಲಕ್ಕೆ ತುಂಬುತ್ತಿದ್ದಾನೆ. ಅಲ್ಲಿ ಮೂರು ವರ್ಷ ಯಾರೂ ಕೊಯ್ಯುವಂತಿಲ್ಲ.

ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಆಲ್ಡಾ ಕತ್ತಿ ಕೆಳಗಿಡುವುದಿಲ್ಲ.

"ಇನ್ನು ಮೂರು ವರ್ಷ ನಾನು ಗಟ್ಟಿಯಾಗಿರ್ಬೇಕು. ಇಲ್ಲಿ ಬರೋ ಮೊದಲನೇ ಕಡ್ಡಿ ನಾನು ಕಚ್ಚಿ ನೋಡ್ತೀನಿ. ಆಮೇಲೆ ಅವರು."